ಪದವಿಗೆ ಮುನ್ನ ಪಟ್ಟಿ

ಕಳೆದ ವಾರ ಕುಂಬಳೆಯ ತಂದೆಯೊಬ್ಬರು ಕರಪತ್ರವೊಂದನ್ನು ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಮಗಳು ಮಂಗಳೂರು ಆಕಾಶವಾಣಿಯನ್ನು ಕೇಳುತ್ತ ಬೆಳೆದವಳು. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಪದವಿಯನ್ನು ಆನ್‌ಲೈನ್‌ನಲ್ಲಿ ಪಡೆಯುವ ಹಂಬಲದವಳು. ಶುಲ್ಕವನ್ನು ಮರುದಿನವೇ ಕಟ್ಟಬೇಕಂತೆ. “ಈ ಪದವಿ ನಡೆಯುತ್ತದೆಯೇ ವಕೀಲರೇ?” ಎಂದರು.

ನಡೆಯುತ್ತದೆ. ಯುಜಿಸಿಯ 2020ರ ನಿಯಮಾವಳಿಯಂತೆ ಅನುಮತಿ ಪಡೆದ ಆನ್‌ಲೈನ್ ಪದವಿಯು ತರಗತಿಯಲ್ಲಿ ಕುಳಿತು ಗಳಿಸಿದ ಪದವಿಗೆ ಸಮಾನ. 2022ರ ಸೆಪ್ಟೆಂಬರಿನಲ್ಲಿ ಆಯೋಗವು ಇದನ್ನು ಪುನಃ ಸ್ಪಷ್ಟಪಡಿಸಿದೆ. ಆದರೆ ಅನುಮತಿಯು ವಿಶ್ವವಿದ್ಯಾಲಯಕ್ಕಿದ್ದರೆ ಸಾಲದು, ಆಯಾ ಕೋರ್ಸಿಗೂ ಪ್ರವೇಶದ ವರ್ಷಕ್ಕೂ ಇರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು 2012-13ರ ಬಳಿಕ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆಯಿತು. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳನ್ನು ನಡೆಸಿದುದು ಮುಖ್ಯ ಆಕ್ಷೇಪಗಳಲ್ಲೊಂದು. ಗಡಿಯಾಚೆಯೆಂದರೆ ನಾವೇ ಅಲ್ಲವೇ! ನಡುವಣ ವರ್ಷಗಳ ವಿದ್ಯಾರ್ಥಿಗಳು ಪಟ್ಟ ಪಾಡು ಅಲ್ಪವಲ್ಲ. ರಾಜ್ಯ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ಇಂದಿಗೂ ಆ ಎಲ್ಲೆಯುಂಟು, ಆನ್‌ಲೈನ್‌ಗೆ ಇಲ್ಲ.

ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣವನ್ನು ತೆರೆದು ನೋಡಿದೆವು. ಕರಪತ್ರದ ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿತ್ತು, ಕೋರ್ಸು ಇರಲಿಲ್ಲ. ತಂದೆ ಸುಮ್ಮನೆ ಕರಪತ್ರವನ್ನು ಮಡಚಿದರು. ನಾಳೆ ಮಗಳನ್ನೇ ಕರೆತನ್ನಿ, ಅನುಮತಿಯಿರುವ ಕೋರ್ಸುಗಳನ್ನು ಅವಳೇ ಹುಡುಕಲಿ ಎಂದೆ.