ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್: ಅಂಕಿ-ಅಂಶವಿಲ್ಲದ ಮಾರಾಟ ಸಲ್ಲದು

ವಾಹನ ಹಳೆಯದಾದಂತೆ ಅದರ ಬೆಲೆ ಇಳಿಯುವುದು ಸಾಮಾನ್ಯ ನಿಯಮ. ಆದರೆ ಕೆಲವು ಕಾರುಗಳ ವಿಷಯದಲ್ಲಿ ಮೊದಲ ಮಾರಾಟ ಮುಗಿದ ಅನೇಕ ವರ್ಷಗಳ ಬಳಿಕವೂ ಬಿಡಿಭಾಗಗಳ ವ್ಯಾಪಾರ ಭರದಿಂದ ಸಾಗಿರುತ್ತದೆ. ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ಇದಕ್ಕೆ ಉತ್ತಮ ನಿದರ್ಶನ. 1989ರ ಫೆಬ್ರವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಂಡ ಈ ಎರಡು ಆಸನಗಳ ತೆರೆದ ಕಾರಿನ ಉತ್ಪಾದನೆ 2016ರ ಏಪ್ರಿಲ್ ತಿಂಗಳಲ್ಲಿ 10 ಲಕ್ಷವನ್ನು ತಲುಪಿತು. ಮೊದಲ ತಲೆಮಾರಿನ ಕಾರುಗಳಿಗೆ ಈಗ ಮೂವತ್ತು ವರ್ಷಗಳಷ್ಟು ಪ್ರಾಯ. ಅಮೆರಿಕ, ಬ್ರಿಟನ್, ಜರ್ಮನಿ ಮತ್ತು ಜಪಾನುಗಳಲ್ಲಿ ಅವು ಇಂದಿಗೂ ವಾರದ ದಿನಗಳಲ್ಲಿ ರಸ್ತೆಯಲ್ಲಿಯೂ ರಜೆಯ ದಿನಗಳಲ್ಲಿ ರೇಸ್ ಟ್ರ್ಯಾಕಿನಲ್ಲಿಯೂ ಓಡುತ್ತಿವೆ.

ಇಂತಹ ಕಾರಿನ ಒಡೆಯನು ಮೊದಲು ಕೈಹಾಕುವುದು ಸಸ್ಪೆನ್ಷನ್‌ಗೆ. ಕಾರು ತಗ್ಗಾಗಿ ಕಾಣಬೇಕು, ತಿರುವಿನಲ್ಲಿ ವಾಲಬಾರದು ಎಂಬುದು ಅವನ ಬಯಕೆ. ಈ ಬಯಕೆಯನ್ನು ಮಾತ್ರ ನೋಡಿ ಗಟ್ಟಿಯಾದ, ಗಿಡ್ಡನೆಯ ಸ್ಪ್ರಿಂಗುಗಳನ್ನು ಕೈಗಿತ್ತು ಹಣ ಪಡೆಯುವ ವರ್ತಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇದು ವ್ಯಾಪಾರದ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಸರಿಯಾದ ಮಾರ್ಗವಲ್ಲ.

ಮೊದಲನೆಯದಾಗಿ, ಹಳೆಯ ಕಾರಿಗೆ ಬೇಕಾದದ್ದು ಸುಧಾರಣೆಗಿಂತ ಮುಂಚೆ ಪುನಶ್ಚೇತನ. ಎಂಎಕ್ಸ್-5 ಕಾರಿನ ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಮಾದರಿಯ ಸಸ್ಪೆನ್ಷನ್ ಇದೆ. ಅದರ ತೋಳುಗಳು ರಬ್ಬರ್ ಬುಷ್‌ಗಳ ಮೇಲೆ ಚಲಿಸುತ್ತವೆ. ಕಾಲಕ್ರಮದಲ್ಲಿ ರಬ್ಬರ್ ಗಡುಸಾಗುತ್ತದೆ, ಬಿರಿಯುತ್ತದೆ, ಲೋಹದಿಂದ ಕಳಚಿಕೊಳ್ಳುತ್ತದೆ. ಆಗ ಚಕ್ರದ ಕೋನ ಬ್ರೇಕ್ ಹಾಕಿದಾಗ ಒಂದು, ತಿರುವಿನಲ್ಲಿ ಇನ್ನೊಂದು ಎಂಬಂತಾಗುತ್ತದೆ. ಇಂತಹ ಬುಷ್‌ಗಳನ್ನು ಹಾಗೆಯೇ ಬಿಟ್ಟು ದುಬಾರಿ ಶಾಕ್ ಅಬ್ಸಾರ್ಬರ್ ಜೋಡಿಸುವುದು ಕುಸಿದ ತಳಪಾಯದ ಮೇಲೆ ಮಹಡಿ ಕಟ್ಟಿದಂತೆ. ತೇವ ಹೆಚ್ಚಿರುವ ಬ್ರಿಟನ್ನಿನಂತಹ ದೇಶಗಳಲ್ಲಿ ಕ್ಯಾಂಬರ್ ಮತ್ತು ಟೋ ಹೊಂದಿಸುವ ಬೋಲ್ಟುಗಳೇ ತುಕ್ಕು ಹಿಡಿದು ಅಲುಗಾಡದಂತಾಗುವುದೂ ಸಾಮಾನ್ಯ. ಅವು ಸರಿಯಾಗದ ಹೊರತು ಯಾವ ಹೊಸ ಭಾಗವೂ ತನ್ನ ಪೂರ್ಣ ಫಲವನ್ನು ಕೊಡಲಾರದು.

ಎರಡನೆಯದಾಗಿ, ಸ್ಪ್ರಿಂಗಿನ ಬಿಗುವು ಅಂದಾಜಿನ ವಿಷಯವಲ್ಲ. ಸುರುಳಿ ಸ್ಪ್ರಿಂಗಿನ ಬಿಗುವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಶೇ. 5ರಷ್ಟು ಹೆಚ್ಚಿದರೆ ಬಿಗುವು ಸುಮಾರು ಶೇ. 22ರಷ್ಟು ಹೆಚ್ಚುತ್ತದೆ. ಎಂಟು ಸಕ್ರಿಯ ಸುತ್ತುಗಳಿರುವ ಸ್ಪ್ರಿಂಗಿನಿಂದ ಒಂದು ಸುತ್ತನ್ನು ಕತ್ತರಿಸಿದರೆ ಬಿಗುವು ಶೇ. 14ರಷ್ಟು ಏರುತ್ತದೆ, ಜೊತೆಗೆ ಸ್ಪ್ರಿಂಗು ತನ್ನ ಪೀಠದಲ್ಲಿ ಸರಿಯಾಗಿ ಕೂರದೆ ಅಪಾಯಕ್ಕೂ ಎಡೆಯಾಗುತ್ತದೆ. ಬಿಗುವು ಹೆಚ್ಚಿದಂತೆ ಶಾಕ್ ಅಬ್ಸಾರ್ಬರಿನ ತಡೆಶಕ್ತಿಯೂ ಅದರ ವರ್ಗಮೂಲದ ಪ್ರಮಾಣದಲ್ಲಿ ಹೆಚ್ಚಬೇಕು. ಸ್ಪ್ರಿಂಗು ಶೇ. 44ರಷ್ಟು ಬಿಗಿಯಾದರೆ, ಹಿಂದಿನ ಹದವನ್ನೇ ಉಳಿಸಿಕೊಳ್ಳಲು ತಡೆಶಕ್ತಿ ಶೇ. 20ರಷ್ಟು ಏರಬೇಕಾಗುತ್ತದೆ. ಇದನ್ನು ಗಮನಿಸದೆ ಸ್ಪ್ರಿಂಗನ್ನಷ್ಟೇ ಮಾರಿದಾಗ, ಕಾರು ಒಂದು ಉಬ್ಬು ದಾಟಿದ ಬಳಿಕವೂ ಕುಣಿಯುತ್ತಲೇ ಇರುತ್ತದೆ.

ಮೂರನೆಯದು ಚಲನಾವಕಾಶದ ಪ್ರಶ್ನೆ. ಮೊದಲ ತಲೆಮಾರಿನ ಎಂಎಕ್ಸ್-5 ಕಾರಿನಲ್ಲಿ ಚಕ್ರ ಮೇಲಕ್ಕೆ ಸರಿಯಲು ಇರುವ ಎಡೆಯೇ ಕಡಿಮೆ. ಕಾರನ್ನು ಮತ್ತಷ್ಟು ತಗ್ಗಿಸಿದರೆ ಶಾಕ್ ಅಬ್ಸಾರ್ಬರ್ ಬಂಪ್ ಸ್ಟಾಪಿಗೆ ಬಡಿಯತೊಡಗುತ್ತದೆ. ತಿರುವಿನ ನಡುವೆ ಹೀಗಾದರೆ ಆ ಚಕ್ರದ ಮೇಲಿನ ಭಾರ ಹಠಾತ್ತನೆ ಏರಿ ಟೈರಿನ ಹಿಡಿತ ತಪ್ಪುತ್ತದೆ. ಅನುಭವಿಗಳು ಎರಡನೆಯ ತಲೆಮಾರಿನ ಕಾರಿನ ಮೇಲಿನ ಮೌಂಟುಗಳನ್ನು ಅಳವಡಿಸಿ ಈ ಎಡೆಯನ್ನು ತುಸು ಹೆಚ್ಚಿಸಿಕೊಳ್ಳುವುದು ಇದೇ ಕಾರಣಕ್ಕಾಗಿ. ನುಣುಪಾದ ಟ್ರ್ಯಾಕಿನಲ್ಲಿ ನಡೆಯುವ ಬಿಗುವು ಗುಂಡಿಬಿದ್ದ ರಸ್ತೆಯಲ್ಲಿ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತದೆ. ಆದುದರಿಂದ ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಪರಿಪೂರ್ಣವೆಂದು ಘೋಷಿಸಿಕೊಳ್ಳುವ ಯಾವ ಸೆಟ್ಟನ್ನೂ ನಂಬಲಾಗದು. ಗ್ರಾಹಕನು ವರ್ಷದಲ್ಲಿ ಎಷ್ಟು ದಿನ ಟ್ರ್ಯಾಕಿಗೆ ಹೋಗುವನೆಂದು ಕೇಳಿ, ಅದಕ್ಕೆ ತಕ್ಕ ರಾಜಿಯನ್ನು ಸೂಚಿಸುವುದೇ ವರ್ತಕನ ಧರ್ಮ. ಬಹುಪಾಲು ಗ್ರಾಹಕರಿಗೆ ಹೊಸ ಬುಷ್, ಉತ್ತಮ ಟೈರು, ಹೊಂದಿಕೆಯ ಶಾಕ್ ಅಬ್ಸಾರ್ಬರ್ ಮತ್ತು ಎಚ್ಚರಿಕೆಯ ವೀಲ್ ಅಲೈನ್‌ಮೆಂಟ್ ಇಷ್ಟೇ ಸಾಕು.

ಸಣ್ಣ ಉತ್ಪಾದಕರಿಗೆ ಇದರಲ್ಲಿ ಪಾಠವಿದೆ. ಈ ಕ್ಷೇತ್ರದಲ್ಲಿ ಹೆಸರು ಗಳಿಸಿದ ಸಂಸ್ಥೆಗಳು ಒಂದೊಂದು ಭಾಗದಲ್ಲಿ ಪರಿಣತಿ ಸಾಧಿಸಿ ಬೆಳೆದವು. ಜರ್ಮನಿಯ ಐಬಾಕ್ 1951ರಲ್ಲಿ ಸ್ಥಾಪನೆಯಾಗಿ ಸ್ಪ್ರಿಂಗುಗಳಿಂದಲೇ ಖ್ಯಾತಿ ಪಡೆಯಿತು. ಸ್ವೀಡನ್ನಿನ ಓಲಿನ್ಸ್ 1976ರಲ್ಲಿ ಮೋಟೋಕ್ರಾಸ್ ಬೈಕುಗಳ ಶಾಕ್ ಅಬ್ಸಾರ್ಬರುಗಳೊಂದಿಗೆ ಆರಂಭವಾಯಿತು. 2024ರ ಅಕ್ಟೋಬರಿನಲ್ಲಿ ಇಟಲಿಯ ಬ್ರೆಂಬೋ ಕಂಪನಿ ಅದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಾಗ ಪ್ರಕಟಿಸಿದ ಮೊತ್ತ 40.5 ಕೋಟಿ ಡಾಲರ್. ಮಾಜ್ದಾ ಕೂಡ 2017ರಲ್ಲಿ ಮೊದಲ ತಲೆಮಾರಿನ ಎಂಎಕ್ಸ್-5 ಕಾರುಗಳ ಪುನಶ್ಚೇತನ ಸೇವೆಯನ್ನು ಜಪಾನಿನಲ್ಲಿ ಘೋಷಿಸಿ, ನಿಂತುಹೋಗಿದ್ದ ಕೆಲವು ಭಾಗಗಳ ಮರುತಯಾರಿಕೆಗೆ ಮುಂದಾಯಿತು. ತಯಾರಕರೇ ಹಳೆಯ ಕಾರಿನತ್ತ ಹಿಂದಿರುಗಿ ನೋಡುವಷ್ಟು ಬೇಡಿಕೆ ಅಲ್ಲಿದೆ.

ರಬ್ಬರ್ ಮೋಲ್ಡಿಂಗ್ ಮತ್ತು ಯಂತ್ರಗೆಲಸ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಹೊಸದೇನಲ್ಲ. ಶಾಕ್ ಅಬ್ಸಾರ್ಬರ್ ತಯಾರಿಕೆಗೆ ಬೇಕಾಗುವ ಬಂಡವಾಳ ಎಲ್ಲರಿಗೂ ಎಟುಕದಿರಬಹುದು. ಆದರೆ ಬುಷ್, ಸ್ಲೀವ್, ಮೌಂಟುಗಳಂತಹ ಭಾಗಗಳಲ್ಲಿ ಅಲ್ಪ ಸಂಖ್ಯೆಯ ತಯಾರಿಕೆಯೂ ಸಾಧ್ಯ. ದೊಡ್ಡ ಕಾರ್ಖಾನೆಗಳಿಗೆ ಲಾಭದಾಯಕವಲ್ಲದ ಚಿಕ್ಕ ಆರ್ಡರುಗಳೇ ಸಣ್ಣ ಘಟಕಗಳ ಬಲ. ಆದರೆ ರಬ್ಬರಿನ ಗಡಸುತನ, ಸ್ಲೀವಿನ ಅಳತೆ, ಲೋಹದೊಂದಿಗಿನ ಬೆಸುಗೆ ಇವುಗಳನ್ನು ಪ್ರತಿ ತಂಡಕ್ಕೂ ಪರೀಕ್ಷಿಸಿ ದಾಖಲಿಸುವ ಶಿಸ್ತು ಇಲ್ಲದಿದ್ದಲ್ಲಿ ಎರಡನೆಯ ಆರ್ಡರು ಬರುವುದಿಲ್ಲ.

ದಾಖಲೆಯ ಮಹತ್ವವನ್ನು ಜರ್ಮನಿಯ ವ್ಯವಸ್ಥೆ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಮಾರಾಟವಾಗುವ ಸ್ಪ್ರಿಂಗಿನೊಂದಿಗೆ ಅದು ಯಾವ ಕಾರಿಗೆ, ಯಾವ ಷರತ್ತುಗಳ ಮೇಲೆ ಸಲ್ಲುತ್ತದೆಂಬ ಪರೀಕ್ಷಾ ವರದಿ ಇರುತ್ತದೆ. ಜೋಡಣೆಯನ್ನು ಅಧಿಕೃತ ಪರೀಕ್ಷಕನಿಗೆ ತೋರಿಸಬೇಕು. ಅನುಮತಿಯಿಲ್ಲದ ಬದಲಾವಣೆಯಿಂದ ವಾಹನದ ಪರವಾನಗಿಯೇ ರದ್ದಾಗಬಹುದು. ಈ ಕಟ್ಟುನಿಟ್ಟು ವ್ಯಾಪಾರವನ್ನು ಕೊಂದಿಲ್ಲ. ಕಳಪೆ ಮಾಲನ್ನು ಹೊರಗಿಟ್ಟು ಒಳ್ಳೆಯ ಮಾಲಿಗೆ ಬೆಲೆ ತಂದುಕೊಟ್ಟಿದೆ.

ಭಾರತದ ಕಾನೂನು ಇನ್ನೂ ಬಿಗಿಯಾದುದು. ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮಿನಲ್ಲಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿತವಾದ ಭಾಗವನ್ನು ನಿಯಮ ಮೀರಿ ಮಾರಿದವನಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ರೂ. 1 ಲಕ್ಷ ದಂಡ ಅಥವಾ ಎರಡೂ ಉಂಟು. ಹೊಣೆ ಗ್ರಾಹಕನದು ಮಾತ್ರ ಎಂದು ವರ್ತಕನು ಕೈತೊಳೆದುಕೊಳ್ಳುವ ಕಾಲ ಮುಗಿದಿದೆ. ಕೊಯಮತ್ತೂರು ಅಥವಾ ಚೆನ್ನೈ ಸಮೀಪದ ಟ್ರ್ಯಾಕುಗಳಿಗೆಂದು ಮಾರುವ ಭಾಗವನ್ನು ಬಿಲ್ಲಿನಲ್ಲಿಯೇ ಹಾಗೆಂದು ನಮೂದಿಸುವುದು ವಿವೇಕ.

ಆದುದರಿಂದ ಈ ವ್ಯಾಪಾರದಲ್ಲಿ ತೊಡಗುವವರು ಮೂರು ಕ್ರಮಗಳನ್ನು ತಾವಾಗಿಯೇ ರೂಢಿಸಿಕೊಳ್ಳುವುದು ಅಗತ್ಯ. ಪ್ರತಿ ಸ್ಪ್ರಿಂಗಿನ ಬಿಗುವನ್ನೂ ಪ್ರತಿ ಬುಷ್‌ನ ಗಡಸುತನವನ್ನೂ ಲಿಖಿತವಾಗಿ ಕೊಡಬೇಕು. ಹೊಂದಿಕೆಯಾಗದ ಭಾಗವನ್ನು ಬಿಡಿಯಾಗಿ ಕೇಳಿದಾಗ ಮಾರಾಟವನ್ನು ನಿರಾಕರಿಸಬೇಕು. ಸವೆದ ಭಾಗಗಳ ಪರಿಶೀಲನೆಯಾಗದೆ ಹೊಸ ಸೆಟ್ಟನ್ನು ಜೋಡಿಸಬಾರದು. ಮೊದಲ ಕೆಲವು ತಿಂಗಳು ಇದರಿಂದ ಒಂದಷ್ಟು ಗಿರಾಕಿಗಳು ಕೈತಪ್ಪಬಹುದು. ಆದರೆ ತಿರುವಿನಲ್ಲಿ ವಾಹನ ಹಿಡಿತ ತಪ್ಪಿದಾಗ ನಷ್ಟವಾಗುವುದು ಜೀವ, ಮತ್ತು ಅದರೊಂದಿಗೆ ಅಂಗಡಿಯ ಹೆಸರು. ಇವೆರಡನ್ನೂ ಯಾವ ರಿಯಾಯಿತಿಯಿಂದಲೂ ಮರಳಿ ಪಡೆಯಲಾಗದು ಎಂಬುದನ್ನು ವರ್ತಕರೂ ಉತ್ಪಾದಕರೂ ಮನಗಾಣಬೇಕಾಗಿದೆ.