ಮನೆಯ ಆಫೀಸಿಗೆ ವೈರ್‌ಲೆಸ್ ಕಾನ್ಫರೆನ್ಸ್ ಫೋನ್ ಬೇಕೆ?

ಪರ

ನನ್ನ ಕೆಲಸವೆಲ್ಲ ಅಮೆರಿಕದವರ ಜೊತೆ. ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದರೆ ಮೈಸೂರಿನಲ್ಲಿ ರಾತ್ರಿ ಏಳೂವರೆ. ಅಲ್ಲಿಂದ ಮೂರು ಗಂಟೆ ಮೀಟಿಂಗೋ ಮೀಟಿಂಗು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದ ಮೇಲೆ ಎರಡು ವರ್ಷ ಇದನ್ನೆಲ್ಲ ಹೆಡ್‌ಸೆಟ್ ಹಾಕಿಕೊಂಡೇ ಮಾಡಿದೆ. ಕಿವಿ ಕಾದು, ಕನ್ನಡಕದ ಕಡ್ಡಿ ಒತ್ತಿ, ರಾತ್ರಿ ದಿಂಬಿಗೆ ತಲೆ ಕೊಟ್ಟರೂ ನೋವು. ಈಗ ಮಹಡಿಯ ಕೋಣೆಯ ಮೇಜಿನ ಮೇಲೆ ತಟ್ಟೆ ಇಡ್ಲಿಯಷ್ಟಗಲದ ಕಪ್ಪು ಬಿಲ್ಲೆಯೊಂದು ಕೂತಿದೆ. ಓಡಾಡುತ್ತಲೇ ಮಾತಾಡುತ್ತೇನೆ.

ಮೊಬೈಲಿನಲ್ಲೇ ಸ್ಪೀಕರ್ ಇದೆಯಲ್ಲ ಅನ್ನಬಹುದು. ಸ್ಪೀಕರಿನಿಂದ ಹೊರಟ ಅವರ ಮಾತನ್ನು ನಮ್ಮ ಮೈಕ್ ಮತ್ತೆ ಹಿಡಿದು ಅವರಿಗೇ ವಾಪಸ್ ಕಳಿಸುವುದೇ ತಾಪತ್ರಯ. ಕಾನ್ಫರೆನ್ಸ್ ಫೋನಿನ ಜಾಣತನವೆಲ್ಲ ಇರುವುದು ಇಲ್ಲಿ: ತಾನು ಯಾವ ಸದ್ದು ನುಡಿಸಿದೆನೆಂದು ಅದಕ್ಕೆ ಗೊತ್ತು, ಮೈಕಿಗೆ ಬಂದದ್ದರಲ್ಲಿ ಅಷ್ಟನ್ನು ಕಳೆದುಬಿಡುತ್ತದೆ. ಹಳೆಯ ಸ್ಪೀಕರ್‌ಫೋನುಗಳಲ್ಲಿ ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರ ದನಿ ಕತ್ತರಿಸಿ ಹೋಗುತ್ತಿತ್ತು. 1992ರಲ್ಲಿ ಪಾಲಿಕಾಮ್ ಕಂಪನಿಯ ಮೂರು ಕಾಲಿನ ಸೌಂಡ್‌ಸ್ಟೇಷನ್ ಬಂತು. ಇಬ್ಬರೂ ಒಟ್ಟಿಗೆ ಮಾತಾಡುವುದು, ಅಂದರೆ ಸರಿಯಾಗಿ ಜಗಳವಾಡುವುದು, ಆಫೀಸುಗಳಿಗೆ ರೂಢಿಯಾಯಿತು.

ಭಾನುವಾರ ಇದೇ ಬಿಲ್ಲೆ ಕೆಳಗಿಳಿಯುತ್ತದೆ. ಡಬ್ಲಿನ್‌ನಲ್ಲಿರುವ ತಂಗಿಯ ಜೊತೆ ಅಮ್ಮ, ಅಪ್ಪ, ಮಕ್ಕಳು ಎಲ್ಲರೂ ಒಂದೇ ಸಲ ಮಾತಾಡುತ್ತಾರೆ. ಫೋನ್ ಕೈಯಿಂದ ಕೈಗೆ ಹೋಗಬೇಕಿಲ್ಲ.

ವಿರೋಧ

ಮಹಡಿಯ ಕೋಣೆ! ನಾನು ಅಲ್ಲೇ ನಿಂತೆ. ನನ್ನ ಮನೆಯ ಆಫೀಸೆಂದರೆ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಡೈನಿಂಗ್ ಟೇಬಲ್ಲಿನ ಒಂದು ಮೂಲೆ.

ತಾನು ನುಡಿಸಿದ ಸದ್ದನ್ನು ಅದು ಕಳೆಯುತ್ತದೆ, ಒಪ್ಪಿದೆ. ನಮ್ಮ ಕುಕ್ಕರನ್ನು ಅದು ನುಡಿಸಿಲ್ಲವಲ್ಲ! ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಇಂಥ ಫೋನುಗಳು ಅಡಗಿಸಬಲ್ಲವು. ಮೂರನೇ ಸೀಟಿ, ಕೆಳಗೆ ಸೊಪ್ಪಿನವಳ ಕೂಗು, ಪಕ್ಕದ ಮನೆಯ ಡ್ರಿಲ್ಲು ಅದಕ್ಕೆ ಬಗ್ಗುವವಲ್ಲ. ಸುತ್ತಲಿನ ಸದ್ದನ್ನೆಲ್ಲ ಹಿಡಿಯುವುದೇ ಅದರ ಮೈಕಿನ ಕೆಲಸ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ; ಕೋಣೆಯೊಳಗೆ ಲೆಕ್ಕ ಸ್ವಲ್ಪ ಬೇರೆ, ಆದರೂ ಬಾಯಿಂದ ಎರಡು ಬೆರಳು ದೂರದ ಹೆಡ್‌ಸೆಟ್ ಮೈಕ್ ಎಲ್ಲಿ, ಎರಡು ಅಡಿ ಆಚೆಯ ಬಿಲ್ಲೆ ಎಲ್ಲಿ.

ಇದಕ್ಕಿಂತ ದೊಡ್ಡ ಪೇಚು ಇನ್ನೊಂದಿದೆ. ನಾನು ಎಚ್‌ಆರ್‌ನಲ್ಲಿರುವವಳು. ಯಾರ ಸಂಬಳ ಎಷ್ಟು, ಯಾರನ್ನು ಕೈಬಿಡಬೇಕು ಎಂಬ ಮಾತು ಹಾಲ್ ತುಂಬ ಮೊಳಗಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಮಾವನವರು ಮೆಲ್ಲಗೆ ಅಂದರು: "ಆ ಹುಡುಗನ್ನ ತೆಗೀಬೇಡಿ ಕಣಮ್ಮ. ಪಾಪ, ಮದುವೆ ಗೊತ್ತಾಗಿದೆಯಂತೆ." ಅವರದೇನೂ ತಪ್ಪಿಲ್ಲ, ಟಿವಿ ನೋಡುತ್ತ ಕೂತಿದ್ದರು. ಗುಟ್ಟಾಗಿ ಇಡುತ್ತೇನೆಂದು ಕಂಪನಿಗೆ ಸಹಿ ಹಾಕಿಕೊಟ್ಟವಳು ನಾನು.

ವೈರ್‌ಲೆಸ್ ಎಂಬ ಹಿರಿಮೆಯೂ ಅಷ್ಟಕ್ಕಷ್ಟೆ. ಬ್ಲೂಟೂತ್, ಮನೆಯ ವೈಫೈ, ಮೈಕ್ರೋವೇವ್ ಒಲೆ, ಮೂರೂ 2.4 ಗಿಗಾಹರ್ಟ್ಸ್‌ನ ಸುತ್ತಮುತ್ತಲೇ ಸುಳಿಯುವಂಥವು. ಅತ್ತೆ ಸಾರು ಬಿಸಿ ಮಾಡಲು ಇಟ್ಟಾಗ ನನ್ನ ದನಿ ಕುಂಟಿದ್ದುಂಟು. ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂರುವ ವಸ್ತುವಿಗೆ ವೈರ್ ಇದ್ದರೆ ಏನು ನಷ್ಟ? ಹೇಗೂ ಚಾರ್ಜಿಗೆ ವೈರ್ ಹುಡುಕಲೇಬೇಕು.

ಕಿವಿ ನೋವು ಸುಳ್ಳಲ್ಲ, ನನಗೂ ಇದೆ. ಆದರೂ ಬಿಲ್ಲೆಯನ್ನು ಕಪಾಟಿಗೆ ಸೇರಿಸಿದ್ದೇನೆ. ಬಾಗಿಲಿರುವ ಕೋಣೆ ಸಿಕ್ಕ ದಿನ ಹೊರಗೆ ತೆಗೆಯುತ್ತೇನೆ; ಸದ್ಯಕ್ಕೆ ವೈರಿನ ಹೆಡ್‌ಸೆಟ್ಟೇ ಗತಿ.