ಕೆಂಪಗ ಮಾಡೋ ಟ್ಯೂಬು

ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಒಂದು ವಿಚಿತ್ರ ನೋಡ್ರಿ. ಹತ್ತನೇ ತರಗತಿ ಹುಡುಗಿ ತುಟಿಗೆ ಒಂಚೂರು ಬಣ್ಣ ಹಚ್ಚಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರೆ ಸಾಕು, ಅಜ್ಜಿಯಿಂದ ಹಿಡಿದು ಅಣ್ಣನವರೆಗೆ ಎಲ್ಲರೂ ಎಗರಿ ಬೀಳುತ್ತಾರೆ. "ನಾಟಕ ಕಂಪನಿ ಸೇರಾಕಿ ಏನ?" ಅಂತ. ಅದೇ ಹುಡುಗಿ ಮೆಡಿಕಲ್ ಶಾಪಿನ ಸಣ್ಣ ಟ್ಯೂಬನ್ನು ದಿನಾ ರಾತ್ರಿ ಮುಖಕ್ಕೆ ತಿಕ್ಕಿಕೊಂಡರೆ ಯಾರೂ ಚಕಾರ ಎತ್ತುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ತಂದುಕೊಡೋದೇ ಅವ್ವ ಅಥವಾ ಚಿಗವ್ವ.

ನನ್ನ ತಕರಾರು ಇಷ್ಟೇ. ಬೈಯಬೇಕಾದ್ದನ್ನು ಬಿಟ್ಟು ಬೈಯಬಾರದ್ದನ್ನು ಬೈಯುತ್ತಿದ್ದೇವೆ. ಲಿಪ್‌ಸ್ಟಿಕ್ಕು ಸಂಜೆ ಮುಖ ತೊಳೆದರೆ ಹೋಯಿತು. ಆ ಟ್ಯೂಬಿನ ಹಾನಿ ತೊಳೆದರೆ ಹೋಗುವಂಥದ್ದಲ್ಲ.

ಟ್ಯೂಬಿನ ಹಿಂದೆ ಇರುವೆ ಸಾಲಿನಂಥ ಅಕ್ಷರ ಇರುತ್ತಲ್ಲ, ಅದನ್ನೊಮ್ಮೆ ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಇಸಬು, ಸೋರಿಯಾಸಿಸ್‌ನಂಥ ಕಾಯಿಲೆಗೆ ಡಾಕ್ಟರು ಇಂತಿಷ್ಟೇ ದಿನ ಅಂತ ಬರೆದುಕೊಡುವ ಔಷಧಿ. ಇನ್ನು ಕೆಲವು ಟ್ಯೂಬಿನಲ್ಲಿ ಮೊಮೆಟಾಸೋನ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿರುತ್ತೆ. ಅದು ಬಂಗಿನ ಔಷಧಿ, ಅದೂ ಸ್ವಲ್ಪ ಕಾಲಕ್ಕೆ ಮಾತ್ರ. ಹದಿನೈದರ ಹುಡುಗಿಯ ಮೊಡವೆಗೆ ಇವು ಯಾವುವೂ ಅಲ್ಲ.

ಹಾಗಾದರೆ ಜನ ಯಾಕೆ ಹಚ್ಚುತ್ತಾರೆ? ಮೊದಲ ವಾರ ನಿಜಕ್ಕೂ ಮುಖ ತಿಳಿಯಾಗುತ್ತೆ ಸ್ವಾಮಿ, ಅದಕ್ಕೆ! ಸ್ಟೀರಾಯ್ಡ್ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತೆ, ಉರಿಯೂತ ಇಳಿಸುತ್ತೆ, ಬಣ್ಣ ತಯಾರಿಸುವ ಕೋಶಗಳನ್ನು ಸುಮ್ಮನಾಗಿಸುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ. ರಾಮದುರ್ಗದ ನೇಕಾರರನ್ನು ಕೇಳಿ, ನೂಲಿಗೆ ಬ್ಲೀಚು ಹೆಚ್ಚಾದರೆ ಏನಾಗುತ್ತೆ ಅಂತ. ಬೆಳ್ಳಗೇನೋ ಆಗುತ್ತೆ, ಜಗ್ಗಿದರೆ ಹರಿಯುತ್ತೆ. ಆಮೇಲೆ ಕೆನ್ನೆ ಮೇಲೆ ಕೆಂಪು ನರಗಳು, ಮೊದಲಿಗಿಂತ ಜಾಸ್ತಿ ಮೊಡವೆ, ಗದ್ದದ ಮೇಲೆ ಕೂದಲು, ಬಿಸಿಲಿಗೆ ಹೋದರೆ ಉರಿ. ಟ್ಯೂಬು ಬಿಟ್ಟರೆ ಮುಖ ಇನ್ನೂ ಕೆರಳುತ್ತೆ, ಅದಕ್ಕೇ ಮತ್ತೆ ಹಚ್ಚುತ್ತಾರೆ. ನಮ್ಮ ಕಡೆ ಬೆಳ್ಳಗಿರೋರಿಗೆ "ಕೆಂಪಗ ಅದಾಳ" ಅಂತೀವಲ್ಲ, ಕೊನೆಗೆ ಹುಡುಗಿ ಕೆಂಪಗೇ ಆಗುತ್ತಾಳೆ... ಸುಟ್ಟ ಕೆಂಪು.

ಇದು ಒಬ್ಬಿಬ್ಬರ ಕಥೆಯಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ಮುಖದ ತೊಂದರೆ ಅಂತ ಬಂದ 2926 ಜನರನ್ನು ವಿಚಾರಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿಕೊಟ್ಟವರು ಡಾಕ್ಟರೇ ಅಲ್ಲ! 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಬಂತು. "ಆ ಹಳದಿ ಟ್ಯೂಬ್ ಕೊಡ್ರಿ" ಅಂದರೆ ಕೌಂಟರಿನ ಮೇಲೆ ಬಂದು ಬೀಳೋದು ಮಾತ್ರ ಎಲ್ಲಾ ಕಡೆ ನಿಂತಿಲ್ಲ.

ಹೆಸರು ವಿಳಾಸ ಇಲ್ಲದ ಬೆಳ್ಳಗಾಗುವ ಕ್ರೀಮುಗಳದ್ದು ಇನ್ನೊಂದು ಕಥೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಡಾಕ್ಟರುಗಳು ಪರಿಶೀಲಿಸಿದರು. ಅದರಲ್ಲಿ 15 ಮಂದಿಯದು ಅಪರೂಪದ ಒಂದೇ ನಮೂನೆ, ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚಿದವರು. ಅನುಮಾನ ಹೋಗಿದ್ದು ಪಾದರಸದ ಮೇಲೆ. ಮುಖಕ್ಕೆ ಹಚ್ಚಿದ್ದು ಮುಖದಲ್ಲೇ ಇರುತ್ತೆ ಅಂದ್ಕೊಂಡಿದ್ದೀವಿ. ಇಲ್ಲ, ಒಳಗೂ ಇಳಿಯುತ್ತೆ.

"ಹಂಗಾದ್ರ ನಮ್ಮ ಮನೀ ಮದ್ದೇ ಛಲೋ" ಅನ್ನೋರಿಗೂ ಒಂದು ಮಾತು. ಹಿಂದೆ ಯಕ್ಷಗಾನದ ವೇಷಕ್ಕೆ ಬಳಿಯುತ್ತಿದ್ದ ಅರದಾಳ ಮತ್ತು ಇಂಗಳೀಕ ಎರಡೂ ನಿಸರ್ಗದಲ್ಲಿ ಸಿಗುವ ಖನಿಜಗಳೇ. ಒಂದರಲ್ಲಿರೋದು ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗುಳ್ಳೆ ಏಳಬಹುದು, ಕಲೆ ಉಳಿಯಬಹುದು. ಯಲ್ಲಮ್ಮನ ಗುಡ್ಡದ ಭಂಡಾರ ಹಣೆಗೆ ಭಕ್ತಿಯಿಂದ ಹಚ್ಚಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅಂಗಡಿಯ ಹಳದಿ ಪುಡಿಯೆಲ್ಲ ಶುದ್ಧ ಅರಿಷಿಣ ಅಂತ ನಂಬಿ ಮುಖಕ್ಕೆಲ್ಲ ಮೆತ್ತಬೇಡಿ. ಅರಿಷಿಣಕ್ಕೆ ಸೀಸದ ಕ್ರೋಮೇಟ್ ಬೆರೆಸೋದು ಹಳೇ ಕಲಬೆರಕೆ.

ಹಾಗಾದರೆ ಹುಡುಗಿಯರು ಮಾಡಬೇಕಾದ್ದೇನು? ಬಹಳ ಕಡಿಮೆ. ದಿನಕ್ಕೆರಡು ಸಲ ಸೌಮ್ಯ ಸೋಪಿನಲ್ಲಿ ಮುಖ ತೊಳೆಯೋದು, ಗಸಗಸ ಉಜ್ಜದೆ. ಚಳಿಗಾಲದ ಒಣ ಗಾಳಿಗೆ ಸಾದಾ ಮಾಯಿಶ್ಚರೈಸರ್. ಬಿಸಿಲಿಗೆ ಹೊರಡುವ ಮೊದಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಎರಡು ಬೆರಳುದ್ದದಷ್ಟು. ಕಿತ್ತೂರಿನ ಸೈನಿಕ ಶಾಲೆಯಲ್ಲಿ ಪರೇಡ್ ಮಾಡುವ ಹುಡುಗಿಗೂ, ಹತ್ತಿ ಬಿಡಿಸುವ ಹುಡುಗಿಗೂ ಬಿಸಿಲು ಒಂದೇ. ಸನ್‌ಸ್ಕ್ರೀನ್ ದುಬಾರಿ ಅನಿಸಿದರೆ ಟೋಪಿ, ತಲೆ ಮೇಲಿನ ಸೆರಗು, ದುಪಟ್ಟಾ ಇದ್ದೇ ಇವೆ. ಎಣ್ಣೆ ಸುರಿದು ಎರಡು ಜಡೆ ಹೆಣೆಯುವಾಗ ಹಣೆಗೆ ಎಣ್ಣೆ ಇಳಿಯದಂತೆ ನೋಡಿಕೊಳ್ಳಿ, ಹಣೆಯ ಮೊಡವೆಗೆ ಅದೂ ಕಾರಣ. ಮೊಡವೆ ಹಿಚುಕಬೇಡಿ, ಟೂತ್‌ಪೇಸ್ಟ್ ಮೆತ್ತಬೇಡಿ. ಅದು ಕೊಳಕಿನಿಂದ ಬರೋದಲ್ಲ, ಹರೆಯದ ಹಾರ್ಮೋನಿನಿಂದ ಚರ್ಮದ ಜಿಡ್ಡು ಹೆಚ್ಚಾಗಿ ಬರೋದು. ಮೊಡವೆಯ ಸರಿಯಾದ ಔಷಧಿಗೂ ಆರೆಂಟು ವಾರ ಬೇಕು. ವಾರದಲ್ಲಿ ಮುಖ ಹೊಳೆಯಿಸುವ ಟ್ಯೂಬು ಕಂಡರೆ ಮೊದಲು ಅನುಮಾನ ಪಡಿ.

ಇನ್ನು ಮೇಕಪ್ಪು. ಹಚ್ಚಿಕೊಳ್ಳಲಿ ಬಿಡ್ರಿ! ಸ್ನೇಹಿತೆಯರ ಜೊತೆ ಕಾಡಿಗೆ, ಲಿಪ್‌ಸ್ಟಿಕ್ ಹಂಚಿಕೊಳ್ಳದಿದ್ದರೆ ಆಯಿತು, ಮಲಗುವ ಮುಂಚೆ ತೊಳೆದರೆ ಆಯಿತು. ಟಿಕಳಿ ಅಂಟಿಸಿದ ಜಾಗ ತುರಿಸಿದರೆ ಅಥವಾ ಬಿಳಿಯಾಗತೊಡಗಿದರೆ ಅವತ್ತೇ ಬಿಡಬೇಕು, ಕೆಲವು ಅಂಟುಗಳ ರಾಸಾಯನಿಕ ಚರ್ಮದ ಬಣ್ಣವನ್ನೇ ತೆಗೆದುಬಿಡುತ್ತೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಜಾತ್ರೆಯಲ್ಲಿ ಕಡುಗಪ್ಪು ಮೆಹಂದಿ ಹಾಕ್ತೀವಿ ಅಂದರೆ ಬೇಡ ಅನ್ನಿ. ಗೋರಂಟಿ ಬಿಡೋದು ಕೆಂಪು ಬಣ್ಣ, ಕಪ್ಪು ಬಂತು ಅಂದರೆ ಹೆಚ್ಚಿನ ಸಲ ಅದರಲ್ಲಿ ಕೂದಲಿನ ಡೈ ಬೆರೆಸಿರುತ್ತಾರೆ.

ಈಗಾಗಲೇ ಆ ಟ್ಯೂಬಿಗೆ ಅಂಟಿಕೊಂಡವರು ನಾಚಬೇಕಿಲ್ಲ. ಟ್ಯೂಬನ್ನೂ ಜೊತೆಗೆ ತಗೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಬೆಳಗಾವಿಯ ಬಿಮ್ಸ್, ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಎರಡೂ ಕಡೆ ಚರ್ಮರೋಗ ವಿಭಾಗ ಇದೆ. ಹೇಗೆ ಬಿಡಿಸಬೇಕು ಅನ್ನೋದು ಅವರಿಗೆ ಗೊತ್ತು.

ಆದರೆ ಡಾಕ್ಟರ ಕೈಲಾಗದ್ದೂ ಒಂದಿದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ "ಫೇರ್" ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಹೆಣ್ಣು ನೋಡೋಕೆ ಬರೋರ ಬಾಯಿಂದ ಮಾತ್ರ "ಹುಡುಗಿ ಕೆಂಪಗ ಅದಾಳೇನ್ರಿ?" ಇನ್ನೂ ಹೋಗಿಲ್ಲ. ಅಲ್ರೀ, ಮಲಪ್ರಭೆಯ ದಂಡೆಯ ಎರಿ ಹೊಲ ಎಷ್ಟು ಕಪ್ಪೋ ಅಷ್ಟು ರೇಟು ಹೇಳೋ ಜನ ನಾವು. ಅದೇ ಹೊಲದಲ್ಲಿ ದುಡಿದ ಮಗಳ ಮುಖ ಕಪ್ಪಾದರೆ ಚಿಂತೆ ಯಾಕೆ? ಈ ಪ್ರಶ್ನೆ ನಿಲ್ಲೋತನಕ ಒಂದು ಟ್ಯೂಬು ನಿಷೇಧವಾದರೆ ಇನ್ನೊಂದು ಬರುತ್ತೆ.

ಸದ್ಯಕ್ಕೆ ಒಂದು ಸಣ್ಣ ಕೆಲಸ. ಇವತ್ತು ನಿಮ್ಮ ಮನೆಯ ಕನ್ನಡಿ ಮುಂದಿರೋ ಟ್ಯೂಬನ್ನು ತಿರುಗಿಸಿ ಓದಿ. ಊರಲ್ಲಿರೋ ತಂಗಿಗೆ, ಅಕ್ಕನ ಮಗಳಿಗೆ ಒಂದು ಫೋನ್ ಹಚ್ಚಿ ಅವರ ಟ್ಯೂಬಿನ ಮೇಲೆ ಏನು ಬರೆದಿದೆ ಓದಿಸಿ. ಲಿಪ್‌ಸ್ಟಿಕ್ಕಿನ ಪಂಚಾಯ್ತಿ ಆಮೇಲೆ ನೋಡೋಣ :)